ಒಂದು ಬದಿ ಗಿಡ್ಡಾದ ತೋರಣ

ಮೂವತ್ತನಾಲ್ಕನೆಯ ವಯಸ್ಸಿಗೆ ನಿವೃತ್ತಿ ಎಂದು ಬರೆಯಲು ಸಂಕೋಚವಾಗುತ್ತದೆ. ಆದರೆ ಬೇರೆ ಶಬ್ದ ಸಿಗಲಿಲ್ಲ. ಎಂಟು ವರ್ಷ ಕತ್ತರಿ ಹಿಡಿದ ಬಲಗೈಯ ಹೆಬ್ಬೆರಳು ಈಗ ಬೆಳಿಗ್ಗೆ ಎದ್ದ ಮೇಲೆ ಬಹಳ ಹೊತ್ತು ಮಡಚುವುದಿಲ್ಲ. ಸೂಜಿಗೆ ದಾರ ಪೋಣಿಸಲು ಹೋದರೆ ಬುಡದಿಂದ ಮಣಿಕಟ್ಟಿನವರೆಗೆ ನೋವು ಏರುತ್ತದೆ. "ನೀವು ಕತ್ತರಿ ಬಿಡ್ರಿ ಮೇಡಂ, ಇಲ್ಲಂದ್ರ ಬೆರಳು ನಿಮ್ಮನ್ನ ಬಿಡ್ತದ" ಎಂದರು ಡಾಕ್ಟರು. ನಾನು ಕತ್ತರಿ ಬಿಟ್ಟೆ.

ನನ್ನ ಕೆಲಸ ಹೇಳಲು ಸುಲಭ. ಒಂದು ಸಣ್ಣ ಸಂಸ್ಥೆಯ ಕಡೆಯಿಂದ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಶಾಲೆಗಳಿಗೆ ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ಸಿಗುವ ವಸ್ತುಗಳಿಂದ ಮನೆ ಅಲಂಕಾರದ ಸಾಮಾನು ಮಾಡುವುದನ್ನು ಮಕ್ಕಳಿಗೆ ಕಲಿಸುತ್ತಿದ್ದೆ. ಕಾಗದದ ಹೂವು, ಬಳೆ ಚೂರಿನ ತೂಗುಪಟ್ಟಿ, ಬಟ್ಟೆ ತುಂಡಿನ ತೋರಣ, ಇಂಥವು. ಎಂ.ಎ. ಓದಿದವಳು ಅಂಟು ಕಲಸುವ ಕೆಲಸಕ್ಕೆ ಯಾಕೆ ಹೋದೆ ಎಂದು ನೆಂಟರು ಕೇಳುತ್ತಿದ್ದರು. ಕೆಲಸ ನನಗೆ ಇಷ್ಟವಾಗಿತ್ತು, ಅಷ್ಟೇ.

ನನ್ನ ಜಾಗಕ್ಕೆ ಶಹಾಬಾದದ ಶಬಾನಾ ಬಂದಿದ್ದಾಳೆ. ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿ. ಹೋದ ತಿಂಗಳು ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತು, "ಅಕ್ಕಾ, ಯಾವ ಕ್ಲಾಸಿಗಿ ಏನೇನ್ ಮಾಡಿಸ್ತಿದ್ರಿ, ಒಂದು ಲಿಸ್ಟ್ ಕೊಡ್ರಿ ಸಾಕು" ಎಂದಳು. ಒಂದು ಹಾಳೆಯ ತುಂಬ ಬರೆದು ಕೊಟ್ಟೆ. ಅವಳು ಹೋದ ಮೇಲೆ, ಆ ಹಾಳೆಯಲ್ಲಿ ಬರೆಯಲೇಬೇಕಾಗಿದ್ದದ್ದನ್ನೇ ಬಿಟ್ಟೆ ಅನಿಸಿತು.

ಈ ಕೆಲಸದಲ್ಲಿ ನಾನು ಸಣ್ಣ ತಪ್ಪುಗಳನ್ನು ಬಹಳ ಮಾಡಿದ್ದೇನೆ, ದೊಡ್ಡದನ್ನು ಒಂದೇ ಮಾಡಿದ್ದೇನೆ. ಆ ಒಂದರಿಂದ ಕುಂಚಾವರಂ ಕಡೆಯ ಒಬ್ಬ ಹುಡುಗಿ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಅವಳ ಹೆಸರು ಬಾಲಮಣಿ. ಶಬಾನಾಳಿಗೂ, ಅವಳ ಹಾಗೆ ಈ ಕೆಲಸದ ಚೀಲ ಹೊರಲಿರುವ ಬೇರೆಯವರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸಣ್ಣ ತಪ್ಪುಗಳನ್ನು ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವಾರ ಶಹಾಬಾದದ ಶಾಲೆಗೆ ಹೋದೆ. ಆ ಊರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಚೂರು ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಅಂಗೈಯಗಲದ ತೆಳು ತುಂಡುಗಳನ್ನು ಮಕ್ಕಳಿಂದ ಆರಿಸಿ ತರಿಸಿ, ಸುಣ್ಣಕ್ಕೆ ಗೋಂದು ಬೆರೆಸಿ ಬಳಿದು, ಮೇಲೆ ಬಣ್ಣದ ಹೂಬಳ್ಳಿ ಬರೆಸಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಅವುಗಳಿಗೆ ಹುರಿ ಕಟ್ಟಿ ಮುಖ್ಯಗುರುಗಳ ಕೋಣೆಯ ಗೋಡೆಗೆ ತೂಗು ಹಾಕಿದೆ. ಮೂರನೆಯ ದಿನ ಒಂದು ಕಲ್ಲು ಹುರಿ ಹರಿದುಕೊಂಡು ಅವರ ಮೇಜಿನ ಮೇಲೆ, ಚಹಾದ ಕಪ್ಪಿನ ಪಕ್ಕದಲ್ಲೇ ಬಿತ್ತು. ಅವರು ಸಿಟ್ಟಾಗಲಿಲ್ಲ. ಕಲ್ಲನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಮೇಡಂ, ನಮ್ಮೂರಾಗ ಕಲ್ಲು ನೆಲಕ್ಕ ಹಾಕ್ತಾರ್ರಿ. ನೀವು ನನ್ನ ತಲಿ ಮ್ಯಾಲ ಹಾಕ್ಲಿಕತ್ತೀರಿ" ಎಂದರು. ಮುಂದಿನ ವರ್ಷದಿಂದ ಆ ಬಣ್ಣದ ಕಲ್ಲುಗಳು ಹೂಕುಂಡದ ಬುಡ ಸೇರಿದವು, ಬಾಗಿಲಿಗೆ ತಡೆಗಲ್ಲಾದವು.

ವಾಡಿಯಲ್ಲಿ ತಿಳಿಗುಲಾಬಿ ಕಾಗದದ ಹೂವು ಮಾಡಿಸಿ ತರಗತಿಯ ಕಿಟಕಿಗಳಿಗೆಲ್ಲ ಕಟ್ಟಿಸಿದೆ. ನಾನು ಇರುವುದೂ ವಾಡಿಯಲ್ಲೇ. ಇಲ್ಲಿನ ಸಿಮೆಂಟಿನ ಧೂಳು ನನಗೆ ಗೊತ್ತಿರಲಿಲ್ಲವೆಂದಲ್ಲ, ಒಗೆದ ಬಟ್ಟೆಯನ್ನು ದಿನವೂ ಝಾಡಿಸಿಯೇ ಒಳಗೆ ತರುತ್ತೇನೆ. ಆದರೂ ಹೂವಿಗೆ ಬಣ್ಣ ಆರಿಸುವಾಗ ಅದು ನೆನಪಾಗಲಿಲ್ಲ. ಮುಂದಿನ ವಾರ ಹೋದಾಗ ನಾಲ್ಕನೆಯ ತರಗತಿಯ ಒಬ್ಬಳು ಬಾಗಿಲಲ್ಲೇ ತಡೆದು, "ಟೀಚರ್, ನಿಮ್ಮ ಹೂವಿಗಿ ಮುಪ್ಪು ಬಂದದರಿ" ಎಂದಳು. ಎಲ್ಲ ಹೂವೂ ಬೂದಿ ಬಣ್ಣಕ್ಕೆ ತಿರುಗಿದ್ದವು. ಅಂದಿನಿಂದ ವಾಡಿಗೆ ಬಟ್ಟೆಯ ಹೂವು. ತಿಂಗಳಿಗೊಮ್ಮೆ ಮಕ್ಕಳೇ ಒಗೆದು ಒಣಗಿಸುತ್ತಾರೆ.

ಚಿತ್ತಾಪುರದಲ್ಲಿ ನಾನು ಕಲಿಸಿದ್ದಕ್ಕಿಂತ ಕಲಿತದ್ದು ಹೆಚ್ಚು. ಅಲ್ಲಿ ಶಾಲೆಯ ಹಿಂದಿನ ಓಣಿಯಲ್ಲಿ ಮಹಬೂಬ್ ಚಾಚಾ ಇದ್ದರು. ಮದುವೆಯಲ್ಲಿ ವರನ ಮುಖದ ಮುಂದೆ ಇಳಿಬಿಡುವ ಹೂವಿನ, ಜರಿಯ ಸೆಹರಾ ಕಟ್ಟುವವರು. ಅಪ್ಪನ ಕಾಲದಿಂದ ಅದೇ ಕೆಲಸ. ಮೈದಾ ಅಂಟು ಹುಳ ಹಿಡಿಯದಂತೆ ಕಾಯಿಸುವುದನ್ನು ಅವರಿಂದಲೇ ಕಲಿತೆ. ಅವರು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಮಕ್ಕಳ ಕೈಗೆ ಆ ವಿಷ ಬೇಡವೆಂದು ನಾನು ಬೇವಿನ ಎಲೆ ಕುದಿಸಿದ ನೀರು ಬಳಸಿದೆ. "ನಿನ್ನ ಅಂಟು ಕಹಿ ಅದ ಬೇಟಿ, ಖರೆ ಒಳ್ಳೇದದ" ಎಂದು ಮೂಸಿ ನೋಡಿ ಒಪ್ಪಿದರು.

ಒಂದು ದಿನ ನಾನು ಕೂತಿದ್ದಾಗಲೇ ಮದುವೆ ಮನೆಯವರು ಬಂದು ಸೆಹರಾ ಕೇಳಿದರು. ಚಾಚಾ ಕೈ ಮುಂದೆ ಮಾಡಿ, "ಹುಡುಗನ ಹಣಿ ಅಳತಿ ಎಲ್ಲಿ?" ಎಂದರು. ಅವರು ಅಳತೆ ತಂದಿರಲಿಲ್ಲ.

"ಎಲ್ಲಾರ ಹಣಿನೂ ಒಂದೇ ಇರ್ತದಲ್ಲ ಚಾಚಾ, ಅಂದಾಜಿಲಿ ಕಟ್ಟಿಕೊಡ್ರಿ."

"ಹಂಗಂದ್ರ ಹುಡುಗೀನೂ ಅಂದಾಜಿಲಿ ನೋಡೀರೇನು? ಹೋಗ್ರಿ, ಹುಡುಗನ್ನ ಕರ್ಕೊಂಡ್ ಬರ್ರಿ."

ವರ ಬಂದು ನಾಚಿಕೊಂಡು ಕೂತ. ಚಾಚಾ ಒಂದು ದಾರವನ್ನು ಅವನ ಹಣೆಗೆ ಸುತ್ತಿ, ಹುಬ್ಬಿನ ಕಡೆಗೆ ಒಂದು, ಕಿವಿಯ ಕಡೆಗೆ ಒಂದು ಗಂಟು ಹಾಕಿದರು. ಸ್ಕೇಲು, ಟೇಪು ಯಾವುದೂ ಇಲ್ಲ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಮೊದಲ ಮುಖ ನೋಡಬೇಕು ಬೇಟಿ, ಆಮ್ಯಾಲ ಹೂವು ಮುಟ್ಟಬೇಕು" ಎಂದರು. ನಾನು ನಕ್ಕು ತಲೆಯಾಡಿಸಿದೆ. ನೋಟ್‌ಬುಕ್ಕಿನಲ್ಲಿ ಅಂಟಿನ ಅಳತೆಯನ್ನಷ್ಟೇ ಬರೆದುಕೊಂಡು ಬಂದೆ. ದಾರದ ಮಾತು ಬರೆದುಕೊಳ್ಳಲಿಲ್ಲ.

ಇನ್ನು ನಮ್ಮ ಮೇಲಿನವರ ವಿಷಯ. ಐದೂ ಕಡೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದವರು ಶಿವಶರಣಪ್ಪ ಸರ್. ಡ್ರಾಯಿಂಗ್ ಮಾಸ್ತರರಾಗಿದ್ದವರು. ಹಣೆಯ ಮೇಲೆ ವಿಭೂತಿ, ಕೈಚೀಲದಲ್ಲಿ ಒಂದು ಉಕ್ಕಿನ ಸ್ಕೇಲು, ಇವೆರಡೂ ಇಲ್ಲದೆ ನಾನು ಅವರನ್ನು ಕಂಡದ್ದಿಲ್ಲ. ಮಕ್ಕಳು ಏನೇ ಮಾಡಿ ತೋರಿಸಲಿ, ಮೊದಲು ಅದರ ಅಂಚಿಗೆ ಸ್ಕೇಲು ಹಿಡಿಯುತ್ತಿದ್ದರು. "ಸೀದಾ ಇದ್ರ ಕಲಾ, ಸೊಟ್ಟ ಇದ್ರ ಗಡಿಬಿಡಿ" ಎನ್ನುವುದು ಅವರ ಮಾತು. ಅವರನ್ನು ಕೆಟ್ಟವರೆಂದು ತಿಳಿಯಬಾರದು. ಬಸ್ಸು ತಪ್ಪಿದ ದಿನ ನನ್ನ ಬಣ್ಣದ ಡಬ್ಬಗಳನ್ನು ತಾವೇ ಹೆಗಲ ಮೇಲೆ ಹೊತ್ತು ನಡೆದಿದ್ದಾರೆ. ಮಧ್ಯಾಹ್ನ ತಮ್ಮ ಬುತ್ತಿಯ ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಮುಂದೆ ತಳ್ಳಿ, "ಉಣ್ರಿ ಮೇಡಂ, ಉಪವಾಸ ಇದ್ರ ಕೈ ನಡಗ್ತದ, ಗೆರಿ ಸೊಟ್ಟ ಬರ್ತದ" ಎನ್ನುತ್ತಿದ್ದರು. ಊಟಕ್ಕೂ ಅವರ ಕಾರಣ ಗೆರೆಯೇ.

ವರ್ಷಕ್ಕೊಮ್ಮೆ ಯುಗಾದಿಗೆ ಮೊದಲು ಸೇಡಂನಲ್ಲಿ ಎಲ್ಲ ಶಾಲೆಗಳ ಕೈಕೆಲಸದ ಪ್ರದರ್ಶನ ಇರುತ್ತಿತ್ತು. ಅದಕ್ಕೆ ಹಿಂದಿನ ದಿನ ನಮ್ಮಂಥವರೆಲ್ಲ ಒಂದು ಕೋಣೆಯಲ್ಲಿ ಕೂತು ಮಾಡುತ್ತಿದ್ದ ಕೆಲಸಕ್ಕೆ ಫಿನಿಶಿಂಗ್ ಎಂದು ಹೆಸರು. ಮಕ್ಕಳು ಮಾಡಿದ್ದರಲ್ಲಿ ಅಂಟಿನ ಕಲೆ ಒರೆಸುವುದು, ಅಂಕುಡೊಂಕು ಅಂಚು ಕತ್ತರಿಸುವುದು, ಗಿಡ್ಡಾದದ್ದಕ್ಕೆ ಜೋಡಿಸುವುದು, ಉದ್ದಾದದ್ದನ್ನು ತೆಗೆಯುವುದು. ಕೆಲವು ಸಾಮಾನಿನಲ್ಲಿ ಕೊನೆಗೆ ಮಗುವಿನ ಹೆಸರಿನ ಚೀಟಿ ಮಾತ್ರ ಹಾಗೇ ಉಳಿಯುತ್ತಿತ್ತು. ಎಲ್ಲರೂ ಮಾಡುತ್ತಿದ್ದರು. ನಾನು ಎಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದೆ. ನನ್ನ ಕೈ ಆಡಿದ್ದು ಎಲ್ಲಿ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಬಾಲಮಣಿಯ ತೋರಣ ಜೋಳದ ದಂಟಿನ ಬೆಂಡಿನದು. ಆ ಕೆಲಸ ನನ್ನದಲ್ಲ, ಸೇಡಂ ಹತ್ತಿರದ ಆಡಕಿ ಎಂಬ ಊರಿನ ಮಕ್ಕಳಿಂದ ನಾನು ಕಲಿತದ್ದು. ರಾಶಿ ಮುಗಿದ ಮೇಲೆ ಒಣಗಿದ ದಂಟಿನ ಸಿಪ್ಪೆಯನ್ನು ಹುಷಾರಾಗಿ ಸುಲಿಯಬೇಕು, ಅದರ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಒಳಗಿನ ಬಿಳಿ ಬೆಂಡು ಹತ್ತಿಯಷ್ಟು ಹಗುರ. ಆಡಕಿಯ ಮಕ್ಕಳು ಅದರಿಂದ ಬಂಡಿ, ಎತ್ತು, ಕನ್ನಡಕ ಮಾಡಿಕೊಂಡು ಆಡುತ್ತಿದ್ದರು. ನಾನು ಅದನ್ನು ಬೆರಳ ಗೆಣ್ಣಿನಷ್ಟು ಉದ್ದ ಕತ್ತರಿಸಿ, ಅರಿಶಿನದಲ್ಲಿ, ಕುಂಕುಮದಲ್ಲಿ ಅದ್ದಿ ಒಣಗಿಸಿ, ದರ್ಜಿಯ ಅಂಗಡಿಯ ಬಟ್ಟೆ ಚೂರುಗಳ ನಡುವೆ ಪೋಣಿಸಿ ಎಳೆ ಮಾಡಿದೆ. ಒಂದು ಹುರಿಗೆ ಸಾಲಾಗಿ ಎಳೆ ಇಳಿಬಿಟ್ಟರೆ ತೋರಣ. ಇದು ನನ್ನ ಎಂಟು ವರ್ಷದಲ್ಲಿ ಎಲ್ಲ ಊರಿಗೂ ಒಗ್ಗಿದ ಒಂದೇ ಸಾಮಾನು.

ಶುಕ್ರವಾರ ಚಿಂಚೋಳಿ, ಶನಿವಾರ ಬೆಳಿಗ್ಗೆ ಕುಂಚಾವರಂ ಕಡೆಯ ಶಾಲೆ. ಕಾಡಿನ ದಾರಿಯಲ್ಲಿ ಬಸ್ಸು ಹೋಗುತ್ತದೆ. ಅಲ್ಲಿ ಮಕ್ಕಳ ಮನೆಮಾತು ಹೆಚ್ಚಾಗಿ ತೆಲುಗು. ಆರನೆಯ ತರಗತಿಯ ಬಾಲಮಣಿ ಉಳಿದ ದಿನ ಅಜ್ಜಿಯ ಆಡು ಕಾಯುತ್ತಿದ್ದಳು. ನನ್ನ ತರಗತಿ ಇದ್ದ ಶನಿವಾರ ಮಾತ್ರ ತಪ್ಪದೆ ಬರುತ್ತಿದ್ದಳು. "ಈ ದಾರದಿಂದ್ಲೇ ಆಕಿ ಶಾಲಿಗಿ ಕಟ್ಟಿಕೊಂಡಾಳ್ರಿ ಮೇಡಂ. ಹರೀಲಾರದಂಗ ನೋಡಿಕೊಳ್ರಿ. ಮುಂದ ಒಂದೊಂದೇ ದಿನ ಹೆಚ್ಚು ಮಾಡಮು" ಎಂದು ಅಲ್ಲಿನ ಮುಖ್ಯಗುರುಮಾತೆ ನನಗೆ ಹೇಳಿದ್ದರು. ಹುಡುಗಿ ಮಾತು ಕಡಿಮೆ. ನಾನೂ ಹಾಗೇ ಆದ್ದರಿಂದ ನಮ್ಮಿಬ್ಬರಿಗೆ ಹೊಂದಿತ್ತು. ಅವಳು ನಾಲ್ಕು ಶನಿವಾರ ಕೂತು ತೋರಣ ಮಾಡಿದಳು. ಬೆಂಡು ಒಂದರಷ್ಟೇ ಒಂದು, ಬಣ್ಣ ಎಲ್ಲೂ ಸೋರಿರಲಿಲ್ಲ. ಆದರೆ ಎಡಬದಿಯ ಐದು ಎಳೆ ಮಾತ್ರ ಗಿಡ್ಡ. ಉಳಿದವುಗಳ ಅರ್ಧವೂ ಇರಲಿಲ್ಲ.

ಬೆಂಡು ಮುಗಿದಿರಬೇಕು ಎಂದುಕೊಂಡೆ. ಸೇಡಂನ ಕೋಣೆಯಲ್ಲಿ ಫಿನಿಶಿಂಗಿಗೆ ಕೂತಾಗ ಆ ಐದು ಎಳೆಗಳಿಗೆ ಬೆಂಡು ಪೋಣಿಸಿ ಉದ್ದ ಮಾಡಿದೆ. ಬಲಕ್ಕೂ ಎಡಕ್ಕೂ ಕೂದಲೆಳೆಯ ವ್ಯತ್ಯಾಸ ಉಳಿಯಲಿಲ್ಲ. ಶಿವಶರಣಪ್ಪ ಸರ್ ಸ್ಕೇಲು ಹಿಡಿದು ನೋಡಿ, "ಭಾಳ ಛಲೋ ಆಗ್ಯದ" ಎಂದರು. ಮರುದಿನ ತೋರಣಗಳಲ್ಲಿ ಮೊದಲ ಬಹುಮಾನ ಅದಕ್ಕೇ ಬಂತು.

ಬಾಲಮಣಿಯನ್ನು ವೇದಿಕೆಗೆ ಕರೆದರು. ಅವಳು ತೋರಣದ ಎದುರು ನಿಂತು ಎಡಬದಿಯನ್ನು ಕೈಯಿಂದ ಮುಟ್ಟಿ ನೋಡಿದಳು.

"ಇದು ನಂದಲ್ರಿ" ಎಂದಳು.

"ನಿಂದೇ ಅದ ಪೋರಿ. ಹೆಸರು ಬರದದ ನೋಡಿಲ್ಲಿ" ಎಂದು ಸರ್ ನಗುತ್ತ ಚೀಟಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನನ್ನ ಕಡೆ ನೋಡಿದಳು. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಬಹುಮಾನದ ಸ್ಟೀಲ್ ಡಬ್ಬಿ ತೆಗೆದುಕೊಂಡಳು. ತೋರಣವನ್ನು ಅಲ್ಲೇ ಬಿಟ್ಟು ಹೋದಳು. ಮುಖ್ಯಗುರುಮಾತೆ ಅದನ್ನು ಮಡಚಿ ಅವಳ ಮನೆಗೆ ಮುಟ್ಟಿಸಿದರು.

ಮುಂದಿನ ಶನಿವಾರ ಬಾಲಮಣಿ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಯುಗಾದಿಯಾದ ಮೇಲೆ ಮುಖ್ಯಗುರುಮಾತೆ ನನ್ನನ್ನು ಕರೆದು, "ಏನಾಯ್ತ್ರಿ ಮೇಡಂ? ಪ್ರೈಜ್ ಬಂದ ಹುಡುಗಿ ಹಿಂಗ್ಯಾಕ ಮಾಡ್ಲಿಕತ್ಯಾಳ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಅಂದು ತರಗತಿ ಮುಗಿಸಿ ಅವಳ ಮನೆಗೆ ನಡೆದುಕೊಂಡು ಹೋದೆ.

ತಗ್ಗಾದ ಬಾಗಿಲಿನ ಮಣ್ಣಿನ ಮನೆ. ಬಾಗಿಲ ಎಡಕ್ಕೆ ಗೂಟ, ಗೂಟಕ್ಕೆ ಕಪ್ಪು ಕಿವಿಯ ಒಂದು ಆಡು. ಅವಳ ಅಜ್ಜಿ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬಾಗಿಲ ಮೇಲೆ ಬರೀ ಹುರಿಯ ಒಂದು ತುಂಡು ನೇತಾಡುತ್ತಿತ್ತು.

"ಬರ್ರಿ ಟೀಚರಮ್ಮ, ಕುಂದ್ರಿ" ಎಂದಳು ಅಜ್ಜಿ. "ಪ್ರೈಜ್ ಬಂದಿದ್ದು ನೋಡ್ಲಿಕ್ಕಿ ಬಂದೀರಿ? ಅಗೋ, ಅದರ ಹೊಟ್ಟ್ಯಾಗ ಅದ." ಮೊರದಿಂದ ಕೈ ಎತ್ತಿ ಆಡನ್ನು ತೋರಿಸಿದಳು. "ಹಬ್ಬದ ದಿನ ಕಟ್ಟಿದೆ. ಒಳಗ ಹೋಗಿ ಹೊರಗ ಬರಾದ್ರಾಗ ಎಡಗಡಿ ಎಳೆ ಹಿಡಿದು ಎಲ್ಲಾ ಜಗ್ಗಿಬಿಡ್ತು. ಫಸ್ಟ್ ನಂಬರ್ ನಮ್ಮ ಆಡಿಗಿ ಬಂತಮ್ಮ."

ನನಗೆ ನಗು ಬರಲಿಲ್ಲ. ಬಾಲಮಣಿ ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಕರೆದೆ. ಹೊರಗೆ ಬಂದು, ನನ್ನನ್ನು ನೋಡದೆ, ಬಾಗಿಲ ಪಕ್ಕದ ಗೋಡೆಯ ಮೇಲೆ ಬೆರಳಿಟ್ಟಳು. ಅಲ್ಲಿ ಇದ್ದಿಲಿನಿಂದ ಎಳೆದ ಒಂದು ಗೆರೆ ಇತ್ತು.

"ಆಡು ಹಿಂದಿನ ಕಾಲ ಮ್ಯಾಲ ನಿಂತ್ರ ಬಾಯಿ ಇಲ್ಲಿ ತನ ಬರ್ತದ" ಎಂದಳು. "ಅದಕ್ಕ ಆ ಬದಿ ಗಿಡ್ಡ ಮಾಡಿದ್ದೆ."

ಆ ಗೆರೆಯನ್ನು ನೋಡುತ್ತ ನಿಂತೆ. ಆಡನ್ನು ನಿಲ್ಲಿಸಿ, ಅದರ ಬಾಯಿ ಮುಟ್ಟುವ ಎತ್ತರಕ್ಕೆ ಗೆರೆ ಎಳೆದು, ಅದರ ಮೇಲೆ ಉಳಿದ ಜಾಗಕ್ಕೆ ಸರಿಯಾಗಿ ಐದು ಎಳೆಗಳನ್ನು ಅವಳು ಲೆಕ್ಕ ಹಾಕಿ ಪೋಣಿಸಿದ್ದಳು. ಸೇಡಂನ ಆ ಇಡೀ ಪ್ರದರ್ಶನದಲ್ಲಿ ಅಳತೆ ನೋಡಿ ಮಾಡಿದ ಸಾಮಾನು ಬಹುಶಃ ಅದೊಂದೇ ಇತ್ತು. ಅದನ್ನೇ ನಾನು ಸರಿ ಮಾಡಿದ್ದೆ.

"ನನಗ ಯಾಕ ಹೇಳಲಿಲ್ಲ ಬಾಲಮಣಿ?"

"ನೀವು ಕೇಳಿಲ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ತಪ್ಪು ನಂದದ" ಎಂದೆ. "ಶನಿವಾರ ಬರ್ತೀ?"

ಅವಳು ಆಡಿನ ಹತ್ತಿರ ಹೋಗಿ ಕೂತಳು. ಅಜ್ಜಿ ಮೊರ ಕೆಳಗಿಟ್ಟು ಹೇಳಿದಳು: "ಆಕಿ ಏನಂತಾಳ ಗೊತ್ತದೇನ್ರಿ? ಅಲ್ಲಿ ಹೋಗಿ ಏನ್ ಮಾಡ್ಲವ್ವ, ನಾ ಮಾಡಿದ್ದು ಮತ್ತ ಅವರೇ ಮಾಡ್ಕೋತಾರ ಅಂತಾಳ. ನಾ ಏನ್ ಹೇಳ್ಲಿ? ನನಗ ಆಡು ಕಾಯ್ಲಿಕ್ಕಿ ಜನ ಬೇಕೇ ಬೇಕು."

ಬರುತ್ತೇನೆಂಬ ಮಾತು ಅವಳಿಂದ ಸಿಗದೆಯೇ ಹಿಂತಿರುಗಿದೆ. ಬಸ್ಸಿನಲ್ಲಿ ಚಂದ್ರಂಪಳ್ಳಿ ಜಲಾಶಯ ದಾಟಿದ್ದು ನನಗೆ ತಿಳಿಯಲಿಲ್ಲ. ಮಹಬೂಬ್ ಚಾಚಾ ವರನ ಹಣೆಗೆ ಸುತ್ತಿದ ದಾರವೇ ಕಣ್ಣ ಮುಂದೆ ಇತ್ತು.

ಮುಂದಿನ ಶನಿವಾರ ಅಂಟು, ಬಣ್ಣ ಯಾವುದನ್ನೂ ಒಯ್ಯಲಿಲ್ಲ. ಒಂದು ದಾರದ ಉಂಡೆ ಒಯ್ದೆ. ಪ್ರತಿ ಮಗುವಿಗೂ ಒಂದು ಮಾರು ದಾರ ಕೊಟ್ಟು, ಮನೆಗೆ ಓಡಿ ಹೋಗಿ ಬಾಗಿಲಿನ ಅಗಲ ಅಳೆದು ತರಬೇಕು ಎಂದೆ. ತೋರಣಕ್ಕೆ ತೊಡಕಾಗುವಂಥದ್ದು ಏನಾದರೂ ಅಲ್ಲಿ ಇದ್ದರೆ ಆ ಜಾಗದಲ್ಲಿ ಒಂದು ಗಂಟು ಹಾಕಬೇಕು. ಮಕ್ಕಳು ಗುಂಪಾಗಿ ಓಡಿದರು. ಗಂಟು ಹಾಕಿಕೊಂಡು ಬಂದು ಒಬ್ಬೊಬ್ಬರೇ ಹೇಳತೊಡಗಿದರು. ಇದು ತಾತ ಹೊಕ್ಕು ಹೊರಡುವ ಜಾಗ, ಅವರು ಭಾಳ ಎತ್ತರ. ಇದು ಗುಬ್ಬಿ ಗೂಡು. ಇದು ಕದ ತಿಕ್ಕುವ ಜಾಗ. ಒಬ್ಬಳ ದಾರದ ತುಂಬ ಗಂಟೇ ಇದ್ದವು. "ಏನಿದು?" ಎಂದರೆ, "ನಮ್ಮ ಮನ್ಯಾಗ ಎಲ್ಲಾನೂ ಬಾಗಲಕ್ಕೇ ತೂಗ ಹಾಕ್ತಾರ್ರಿ" ಎಂದಳು.

ಬಾಲಮಣಿ ಬಂದಿರಲಿಲ್ಲ. ಆದರೆ ಓಣಿಯಲ್ಲಿ ಮಕ್ಕಳು ದಾರ ಹಿಡಿದು ಓಡಾಡಿದ್ದನ್ನು ಕಂಡಿರಬೇಕು. ಸ್ವಲ್ಪ ಹೊತ್ತಿಗೆ ಆಡಿನ ಸಮೇತ ಶಾಲೆಯ ಕಂಪೌಂಡಿನ ಆಚೆ ಬಂದು ನಿಂತಳು. ನಾನು ಕರೆಯಲಿಲ್ಲ. ಕರೆದರೆ ಹೋಗಿಬಿಡುತ್ತಾಳೆಂಬ ಹೆದರಿಕೆ. ಮಕ್ಕಳಿಗೆ, "ಈಗ ಶಾಲೆಯ ಬಾಗಿಲನ್ನು ಯಾರು ಅಳೆಯುತ್ತೀರಿ?" ಎಂದೆ. ಇಬ್ಬರು ಎದ್ದು ಅಳೆದು, ಗಂಟಿಲ್ಲದ ನುಣ್ಣನೆಯ ದಾರ ತಂದರು. "ಏನೂ ತೊಡಕಿಲ್ರಿ ಟೀಚರ್, ಬರಾಬರ ಅದ."

"ಬೆಲ್ ಅದ ಅಲ್ಲಿ."

ಕಂಪೌಂಡಿನ ಆಚೆಯಿಂದ ಬಂದ ಮಾತು. ಎಲ್ಲರೂ ತಿರುಗಿ ನೋಡಿದರು. ಆ ಬಾಗಿಲಿನ ಬಲಕ್ಕೆ ಶಾಲೆಯ ಬೆಲ್, ಅಂದರೆ ರೈಲು ಹಳಿಯ ಒಂದು ತುಂಡು, ತೂಗುತ್ತಿತ್ತು. ಅದನ್ನು ಬಡಿಯುವ ಕಬ್ಬಿಣದ ಸಲಾಕೆ ದಿನಕ್ಕೆ ಎಂಟು ಸಲ ಆ ಜಾಗದಲ್ಲಿ ಬೀಸುತ್ತದೆ. ನಾನೂ ಅದನ್ನು ಗಮನಿಸಿರಲಿಲ್ಲ.

"ಎಷ್ಟು ಜಾಗ ಬಿಡಬೇಕು?" ಎಂದು ಅಲ್ಲಿಂದಲೇ ಕೇಳಿದೆ.

ಅವಳು ಆಡನ್ನು ಬೇವಿನ ಗಿಡಕ್ಕೆ ಕಟ್ಟಿದಳು. ಎರಡು ಸುತ್ತು ಹಾಕಿ ಬಿಗಿದು, ಜಗ್ಗಿ ನೋಡಿದಳು. ಆಮೇಲೆ ಒಳಗೆ ಬಂದು ನನ್ನ ಕೈಯಿಂದ ದಾರ ತೆಗೆದುಕೊಂಡಳು.

ಅದೊಂದೇ ದಿನದಲ್ಲಿ ಎಲ್ಲ ಸರಿಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವಳು ಒಂದು ಶನಿವಾರ ಬಂದರೆ ಮತ್ತೊಂದು ಶನಿವಾರ ಬರುತ್ತಿರಲಿಲ್ಲ. ಶಾಲೆಯ ಬಾಗಿಲಿನ ತೋರಣ ಮಾಡುವಾಗ ನಾನು ಹತ್ತಿರ ಹೋದರೆ ಕೈಯನ್ನು ಅದರ ಮೇಲೆ ಮುಚ್ಚಿ ಇಡುತ್ತಿದ್ದಳು. ನಾನು ಕತ್ತರಿಯನ್ನು ಚೀಲದಲ್ಲೇ ಇಟ್ಟುಕೊಂಡು ದೂರ ಕೂರುವುದನ್ನು ಕಲಿತೆ. ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ತೋರಣ ಬಾಗಿಲಿಗೆ ಏರಿತು. ಬೆಲ್ಲಿನ ಬದಿ ಗಿಡ್ಡವಾಗಿತ್ತು.

ಅದೇ ತಿಂಗಳು ಶಿವಶರಣಪ್ಪ ಸರ್ ಶಾಲೆ ನೋಡಲು ಬಂದರು. ಬಾಗಿಲಲ್ಲೇ ನಿಂತು ಮೇಲೆ ನೋಡಿದರು. ಕೈ ತಾನಾಗಿಯೇ ಚೀಲಕ್ಕೆ ಹೋಗಿ ಸ್ಕೇಲು ಹೊರಗೆ ಬಂತು.

"ಮೇಡಂ, ಏನಿದು? ಇಷ್ಟು ವರ್ಷ ಆಗ್ಯಾವ, ನೀವೇ ಹಿಂಗ ಸೊಟ್ಟ ಕಟ್ಟಿಸಿದ್ರ ಹ್ಯಾಂಗ? ಕೆಳಗ ಇಳಸ್ರಿ, ಐದು ನಿಮಿಷದಾಗ ಸರಿ ಮಾಡಿಬಿಡಮು."

ಬಾಲಮಣಿ ಎರಡನೆಯ ಸಾಲಿನಲ್ಲಿ ಕೂತಿದ್ದಳು. ಎದ್ದು ನಿಂತಿರಲಿಲ್ಲ, ಆದರೆ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ತೋರಣ ಇಳಿದರೆ ಅವಳೂ ಹೊರಡುತ್ತಾಳೆ, ಮತ್ತೆ ಬರುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು. ಮೇಲಿನವರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ.

"ಇಳಸೂದಿಲ್ರಿ ಸರ್" ಎಂದೆ. "ಯಾಕ ಹಿಂಗ ಅದ ಅಂತ ಮಾಡಿದಾಕಿನ್ನ ಕೇಳ್ರಿ."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ, "ಯಾರವ್ವ ಮಾಡಿದ್ದು?" ಎಂದರು. ಬಾಲಮಣಿ ಎದ್ದಳು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಬೆಲ್, ಸಲಾಕೆ, ಎಳೆ ಎಂದು ಹೇಳಿ ಮುಗಿಸಿದಳು. ಸರ್ ವರಾಂಡಕ್ಕೆ ಹೋಗಿ ಸಲಾಕೆ ಹಿಡಿದು ಪೂರ್ತಿ ಕೈ ಬೀಸಿ ಬೆಲ್ ಬಡಿದರು. ಸಲಾಕೆ ಎಳೆಗಳ ಕೆಳಗೆ ನಾಲ್ಕು ಬೆರಳು ಅಂತರದಲ್ಲಿ ಹಾದುಹೋಯಿತು. ಇನ್ನೊಮ್ಮೆ ಬಡಿದರು. ಮತ್ತೆ ಅಷ್ಟೇ ಅಂತರ. ಊಟದ ಬೆಲ್ ಎಂದು ತಿಳಿದು ಪಕ್ಕದ ತರಗತಿಯ ಮಕ್ಕಳೆಲ್ಲ ತಟ್ಟೆ ಹಿಡಿದು ಹೊರಗೆ ಬಂದುಬಿಟ್ಟರು.

"ಎಲ್ಲಿಗಿ ಬಂದ್ರೀ? ಒಳಗ ನಡೀರಿ. ಅಳತಿ ನೋಡ್ಲಿಕತ್ತೀನಿ" ಎಂದು ಸರ್ ಅವರನ್ನು ಗದರಿಸಿ ಕಳಿಸಿದರು. ಬಾಲಮಣಿ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಚೀಲ ಹೆಗಲಿನಿಂದ ಇಳಿಯಿತು.

ಬಸ್ಸಿಗೆ ಕಾಯುವಾಗ ಸರ್ ಹೇಳಿದರು. "ಫಿನಿಶಿಂಗ್ ಅನ್ನೋದು ಶುರು ಮಾಡಿದಾಂವ ನಾನೇ ಮೇಡಂ."

"ಗೊತ್ತದರಿ ಸರ್."

"ಬರೋ ವರ್ಷ ಬ್ಯಾಡ." ಸ್ವಲ್ಪ ತಡೆದು, "ಅಂಟಿನ ಕಲಿ ಒರಸೂದಾದ್ರೂ ಇರ್ಲಿ" ಎಂದರು.

ಅಷ್ಟಕ್ಕೆ ಒಪ್ಪಿಕೊಂಡೆ.

ಈಗ ಕೆಲಸ ಬಹಳ ಬದಲಾಗಿದೆ. ಮಕ್ಕಳು ಮೊಬೈಲಿನಲ್ಲಿ ನೋಡಿಕೊಂಡು ಬಂದು ಥರ್ಮಾಕೋಲ್ ಕೇಳುತ್ತಾರೆ, ಬಿಸಿ ಅಂಟಿನ ಗನ್ ಕೇಳುತ್ತಾರೆ. ಸೇಡಂನಲ್ಲಿ ಒಂದು ತರಗತಿಯವರು ದೀಪದ ಗೂಡು ಮಾಡಲು ಐಸ್‌ಕ್ರೀಂ ಕಡ್ಡಿ ಬೇಕೆಂದು ಒಂದು ವಾರ ಐಸ್‌ಕ್ರೀಂ ತಿಂದು, ಕೆಮ್ಮುತ್ತ ಕಡ್ಡಿ ತಂದುಕೊಟ್ಟರು. ನಾನು ಬೇಡವೆನ್ನಲಿಲ್ಲ. ಆ ವಿಡಿಯೋಗಳನ್ನು ನಾನೂ ನೋಡಿದ್ದೇನೆ, ಅವರ ಕೈಚಳಕ ನನಗಿಲ್ಲ. ಆದರೆ ಅಲ್ಲಿ ತೋರಿಸುವ ಬಾಗಿಲು ಯಾವಾಗಲೂ ಒಂದೇ. ಅದರ ಪಕ್ಕದಲ್ಲಿ ಆಡು ಇರುವುದಿಲ್ಲ. ಶಬಾನಾ, ನೀನು ಏನನ್ನಾದರೂ ಮಾಡಿಸು. ಮೊದಲ ದಿನ ಮಾತ್ರ ದಾರ ಕೊಟ್ಟು ಮನೆಗೆ ಕಳಿಸು. ಸೊಟ್ಟಾದದ್ದು ಕಂಡರೆ ಕತ್ತರಿ ಎತ್ತುವ ಮೊದಲು ಕೇಳು. ಹತ್ತರಲ್ಲಿ ಎಂಟು ಸಲ ಅದು ಬರೀ ಸೊಟ್ಟವೇ ಆಗಿರುತ್ತದೆ, ಮಕ್ಕಳೇ ನಕ್ಕು ಒಪ್ಪಿಕೊಳ್ಳುತ್ತಾರೆ. ಉಳಿದ ಎರಡು ಸಲಕ್ಕಾಗಿ ಕೇಳು.

ಬಾಲಮಣಿ ಈಗ ಎಂಟನೆಯ ತರಗತಿ. ವಾರದ ಎಲ್ಲ ದಿನವೂ ಬರುತ್ತಾಳೆಂದು ಹೇಳಲಾರೆ, ಐದು ದಿನ ಬರುತ್ತಾಳೆ. ಆಡು ಬೇವಿನ ಗಿಡಕ್ಕೆ ಕಟ್ಟಿರುತ್ತದೆ. ನನ್ನ ಕೊನೆಯ ಶನಿವಾರ ಮಕ್ಕಳು ಏನೇನೋ ಮಾಡಿ ತಂದುಕೊಟ್ಟರು. ಅವಳು ಎಲ್ಲರೂ ಹೋದ ಮೇಲೆ ಬಂದು ಒಂದು ಪೊಟ್ಟಣ ಕೊಟ್ಟಳು. ಬಿಚ್ಚಿದರೆ ಬೆಂಡಿನ ತೋರಣ. ಬಲಬದಿಯಿಂದ ನಡುವಿನವರೆಗೆ ಎಳೆಗಳು ಒಂದೇ ಸಮ. ಎಡಬದಿಯಲ್ಲಿ ಬರೀ ಹುರಿ. ಜೊತೆಗೆ ಒಂದು ಚಿಕ್ಕ ಚೀಲದಲ್ಲಿ ಅರಿಶಿನದ, ಕುಂಕುಮದ ಬಿಡಿ ಬೆಂಡುಗಳು.

ಈ ಸಲ ಕೇಳಿದೆ. "ಈ ಬದಿ ಯಾಕ ಬಿಟ್ಟೀ?"

"ನಿಮ್ಮ ಮನಿ ಬಾಗಲ ನಾ ನೋಡಿಲ್ಲಲ್ರಿ ಟೀಚರ್." ಆಮೇಲೆ ಅವಳೇ ಕೇಳಿದಳು. "ಎರಡೂ ಕದ ತೆರೀತಾವೇನ್ರಿ ಅದರವು?"

"ನೋಡಿ ಹೇಳ್ತೀನಿ" ಎಂದೆ. ಎಂಟು ವರ್ಷ ಊರೂರಿನ ಬಾಗಿಲುಗಳಿಗೆ ತೋರಣ ಕಟ್ಟಿಸಿದವಳು ನನ್ನ ಬಾಡಿಗೆ ಮನೆಯ ಬಾಗಿಲಿಗೆ ಏನನ್ನೂ ಕಟ್ಟಿಕೊಂಡಿರಲಿಲ್ಲ. ಒಬ್ಬಳೇ ಇರುವ ಮನೆ. ಹೋಗಿಬರಲು ಬಲಗಡೆಯ ಕದ ಒಂದೇ ಸಾಕಾಗುತ್ತಿತ್ತು. ಎಡಗಡೆಯ ಕದದ ಅಗುಳಿಯನ್ನು ಮನೆಗೆ ಬಂದ ದಿನ ಹಾಕಿದ್ದು, ಮತ್ತೆ ಮುಟ್ಟಿರಲಿಲ್ಲ.

ಮೊನ್ನೆ ಗುರುವಾರ ಆ ಅಗುಳಿ ಎತ್ತಿದೆ. ಹೆಬ್ಬೆರಳಿಗೆ ಬಲ ಸಾಲದೆ ಒಲೆಯ ಇಕ್ಕಳದ ಹಿಡಿಯಿಂದ ಮೇಲೆ ತಟ್ಟಬೇಕಾಯಿತು. ಸಿಮೆಂಟಿನ ಧೂಳು ಸೀರೆಯ ಮೇಲೆಲ್ಲ ಉದುರಿತು. ಎರಡೂ ಕದ ತೆರೆದು ದಾರ ಹಿಡಿದು ಅಳೆದೆ. ಎದುರು ಮನೆಯಾಕೆ ಹೊರಗೆ ಬಂದು, "ಏನ್ರಿ ಅಕ್ಕೋರೇ, ಯಾರರೆ ಬರೋರು ಅದಾರೇನು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಎಲ್ಲೂ ಗಂಟು ಹಾಕುವಂಥ ತೊಡಕು ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ವಾಡಿ ಸ್ಟೇಷನ್ನಿಗೆ ಹೋಗಿ, ಸೇಡಂ ಮೇಲಿಂದ ಚಿಂಚೋಳಿಗೆ ಹೊರಟಿದ್ದ ಶಬಾನಾಳ ಚೀಲದಲ್ಲಿ ಆ ತೋರಣ, ಬಿಡಿ ಬೆಂಡುಗಳು ಮತ್ತು ಬಾಗಿಲು ಅಳೆದ ದಾರವನ್ನು ಇಟ್ಟೆ. ಬಾಲಮಣಿಗೆ ಕೊಡು, ಉಳಿದ ಬದಿ ಅವಳೇ ಪೋಣಿಸಲಿ ಎಂದೆ. "ಏನಂತ ಹೇಳ್ಲಿ ಅಕ್ಕಾ?" ಎಂದಳು.

"ಎರಡೂ ಕದ ತೆರೀತಾವ ಅಂತ ಹೇಳು."